ಆವಿಯಾಗದ ನೀರು

ಘಾಜಿಯಾಬಾದಿನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಕಲ್ಲಿನ ಕಾರಂಜಿ ಬೇಕೆಂದು ಹಟ ಹಿಡಿದವಳು ನಾನೇ. ಹೈವೇ ಪಕ್ಕ ಕಲ್ಲು ಕೆತ್ತುವವನ ಹತ್ತಿರ ಕೆಂಪು ಮರಳುಗಲ್ಲಿನ ತೊಟ್ಟಿ ಸಿಕ್ಕಿತು. ನಾಲ್ಕು ಜನ ಹೊತ್ತು ತಂದಿಟ್ಟರು. ಪಂಪ್ ಹಾಕಿ ಸ್ವಿಚ್ ಒತ್ತಿದರೆ ಜುಳುಜುಳು ಸದ್ದು. ಎರಡು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಆಮೇಲೆ ನೋಡಿದರೆ, ಬೆಳಿಗ್ಗೆ ತುಂಬಿಸಿದ ನೀರು ಸಂಜೆಗೆ ಅರ್ಧಕ್ಕಿಳಿದಿರುತ್ತಿತ್ತು. "ಇಲ್ಲಿನ ಸೆಕೆಗೆ ಆವಿಯಾಗುತ್ತೆ ಕಣೇ," ಎಂದರು ನನ್ನ ಗಂಡ. ಅವರು ಸರ್ಕಾರಿ ಅಧಿಕಾರಿ. ಯಾವುದಕ್ಕೂ ಎದ್ದು ಹೋಗಿ ನೋಡುವ ಮೊದಲೇ ಕಾರಣ ಹೇಳಿಬಿಡುತ್ತಾರೆ. ನಾನೂ ನಂಬಿ ದಿನಾ ಎರಡು ಬಕೆಟ್ ಸುರಿದೆ.

ಆ ಆವಿ ಎಲ್ಲಿಗೆ ಹೋಗುತ್ತಿದೆಯೆಂದು ತಿಳಿಸಲು ಭಾನುವಾರ ಕೆಳಗಿನ ಮನೆಯ ಆಂಟಿ ಬಂದರು. ನಿವೃತ್ತ ಗಣಿತದ ಟೀಚರ್.

"ಬೇಟಾ, ಫೌಂಟನ್ ನಿಮ್ಮದು, ನೀರು ಬೀಳೋದು ನನ್ನ ಸೋಫಾ ಮೇಲೆ. ಇದೇನು ನ್ಯಾಯ?"

ನಾನು ನಾಚಿಕೊಂಡು ಸ್ವಿಚ್ ಆರಿಸಿ ಬಗ್ಗಿ ನೋಡಿದರೆ, ತೊಟ್ಟಿಯ ತಳದಿಂದ ನೀರು ಜಿನುಗುತ್ತಿತ್ತು. ನನ್ನವರು ಆಗಲೇ ಹಾರ್ಡ್‌ವೇರ್ ಅಂಗಡಿಗೆ ಓಡಿ ವಾಟರ್‌ಪ್ರೂಫಿಂಗ್ ಪುಡಿ, ಅದಕ್ಕೆ ಬೆರೆಸುವ ಬಿಳಿ ದ್ರವ ತಂದರು. ಕಲ್ಲು ಮೂರು ದಿನ ಒಣಗಲೇಬೇಕೆಂದು ಅಂಗಡಿಯ ಭಯ್ಯಾ ಹೇಳಿದ್ದನಂತೆ. ಇವರು ಟವೆಲ್‌ನಲ್ಲಿ ಒರೆಸಿ, ದೋಸೆಹಿಟ್ಟಿನ ಹದಕ್ಕೆ ಕಲಸಿ, ಅವತ್ತೇ ಬಳಿದುಬಿಟ್ಟರು. ಮಾರನೆಯ ದಿನ ನೀರು ತುಂಬಿಸಿದರೆ ಬಳಿದದ್ದೆಲ್ಲ ಹಾಲಿನ ಕೆನೆಯ ಹಾಗೆ ಎದ್ದು ತೇಲಿತು.

ವಿಷಯ ತಿಳಿದು ಆಂಟಿ ತಲೆಗೆ ದುಪಟ್ಟಾ ಬಿಗಿದು ಮೇಲೆ ಬಂದರು. "ನನ್ನ ಹಳೇ ಮನೆ ಟೆರೇಸಿಗೆ ಪ್ರತಿ ವರ್ಷ ನಾನೇ ಬಳಿಯುತ್ತಿದ್ದೆ. ಹಟೋ, ಆಚೆ ಸರಿ!"

ಮೂರು ದಿನ ಮನೆಯ ಫ್ಯಾನುಗಳೆಲ್ಲ ತೊಟ್ಟಿಗೆ ಗಾಳಿ ಹಾಕಿದವು. ಮಗಳ ಹೇರ್ ಡ್ರೈಯರ್ ಕೂಡ ಕೆಲಸಕ್ಕೆ ಬಂತು. "ಅಮ್ಮಾ, ವೋ ಮೇರಾ ಹೈ, ಅದು ನಂದು!" ಎಂದು ಅವಳು ಕಿರುಚಿದರೂ ಕೇಳುವವರಿಲ್ಲ. ಬಳಿಕ ಆಂಟಿ ತಂತಿ ಬ್ರಷ್‌ನಲ್ಲಿ ಹಳೆಯದನ್ನು ಕೆರೆದು, ಹೊಸದಾಗಿ ಕಲಸಿದ್ದನ್ನು ಪಂಪಿನ ವೈರ್ ಹೊರಬರುವ ತೂತಿನ ಸುತ್ತ ಮೆತ್ತಿ, ಒಂದು ಕೋಟ್ ಉದ್ದಕ್ಕೆ, ಅದು ಒಣಗಿದ ಮೇಲೆ ಇನ್ನೊಂದು ಅಡ್ಡಕ್ಕೆ ಬಳಿದರು. ನಮ್ಮನೆಯ ಅಧಿಕಾರಿಗಳು ಬೋಗುಣಿ ಹಿಡಿದು ನಿಂತಿದ್ದರು.

ಅದು ಗಟ್ಟಿಯಾದ ಮೇಲೆ ಪರೀಕ್ಷೆ. ನಾವು ನೀರು ತುಂಬಿಸಿದೆವು. ಆಂಟಿ ಕೆಳಗೆ ತಮ್ಮ ಸೋಫಾದಲ್ಲಿ ಕೂತು, ಸೀಲಿಂಗ್ ನೋಡುತ್ತಾ ಫೋನಿನಲ್ಲಿ ವರದಿ ಕೊಡುತ್ತಿದ್ದರು.

"ಇಲ್ಲ... ಇನ್ನೂ ಇಲ್ಲ... ಅಯ್ಯೋ, ಬಿತ್ತು! ಮೂಗಿನ ಮೇಲೇ ಬಿತ್ತು!"

ಇಬ್ಬರೂ ಮೆಟ್ಟಿಲಿಳಿದು ಓಡಿದೆವು. ನನ್ನವರು ಸ್ಟೂಲ್ ಹತ್ತಿ ಸೀಲಿಂಗಿಗೆ ಅಂಗೈ ಒತ್ತಿ ನೋಡಿದರು. ಒಣಗಿ ಗರಿಗರಿ. ಅಷ್ಟರಲ್ಲಿ ಇನ್ನೊಂದು ಹನಿ, ನಮ್ಮ ಕಣ್ಣೆದುರೇ, ಆಂಟಿಯ ಮುಂಗುರುಳಿನಿಂದ ಜಾರಿ ಮೂಗಿಗೆ ಬಿತ್ತು. ತಲೆಸ್ನಾನ ಮಾಡಿ ಹಾಗೇ ಬಂದು ಕೂತಿದ್ದರು.

ಆಂಟಿ ದುಪಟ್ಟಾದ ತುದಿಯಿಂದ ಮೂಗು ಒರೆಸಿಕೊಂಡು, ಟೀಚರ್ ಗತ್ತಿನಲ್ಲೇ, "ಚಲೋ, ಪಾಸ್," ಎಂದರು.

ಕಲೆಯಾದ ಸೀಲಿಂಗಿಗೆ ತಾವೇ ಬಣ್ಣ ಹೊಡೆದುಕೊಡುವುದಾಗಿ ನನ್ನವರು ಉತ್ಸಾಹದಿಂದ ಹೇಳಿದರು. ಆಂಟಿ ಎರಡೂ ಕೈ ಜೋಡಿಸಿ, "ಬೇಡ ಬೇಟಾ, ಪೇಂಟರ್‌ನ ಕಳಿಸು," ಎಂದರು.