ನಡುಮನೆಯ ತಗ್ಗು ಬಾಗಿಲು

ನಮ್ಮ ನಡುಮನೆಯ ಬಾಗಿಲು ಎಷ್ಟು ತಗ್ಗಾಗಿತ್ತೆಂದರೆ, ಅದರ ಮೇಲಿನ ಅಡ್ಡತೊಲೆಗೆ ಹಣೆ ಕೊಡದ ನೆಂಟರೇ ನಮಗಿರಲಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಮಾವನವರ ತಂದೆ ಕಟ್ಟಿಸಿದ ಮನೆ. ಹೊಸಬರು ಬಂದರೆ ಮನೆಯ ಹೆಂಗಸರು ಓಡಿಹೋಗಿ, ತೊಲೆಯ ಅಡಿಗೆ ಅಂಗೈ ಒಡ್ಡಿ, "ತಲೆ, ತಲೆ!" ಎನ್ನುವುದು ಕಾಲಿಗೆ ನೀರು ಕೊಡುವಷ್ಟೇ ಸಹಜವಾದ ಉಪಚಾರ. "ದೊಡ್ಡಸ್ತಿಕೆ ಜಗಲಿಯಲ್ಲೇ ಬಿಟ್ಟು ಬರಲಿ ಅಂತ ಹಿರೀಕರು ಹೀಗೆ ಕಟ್ಟಿಸಿದ್ದು" ಎಂದು ಅತ್ತೆಗೆ ಹೆಮ್ಮೆ. ಮರ ಸಾಲದೆ ಹೋಗಿದ್ದಿರಬೇಕು ಎಂದು ನನ್ನ ಗುಮಾನಿ. ಆದರೆ ಸೊಸೆಯ ಗುಮಾನಿಗಳಿಗೆ ಬಾಯಿರುವುದಿಲ್ಲ, ನೋಡಿ.

ಆ ತೊಲೆಗೆ ಒಮ್ಮೆಯೂ ಹಣೆ ತಾಗಿಸಿಕೊಳ್ಳದೆ ಒಳಬಂದವರು ನನ್ನ ಅಕ್ಕನ ಗಂಡ, ಭಾವ, ಒಬ್ಬರೇ. ಯುದ್ಧ ಮುಗಿದು ಬರ್ಮಾದಿಂದ ಬಂದ ದಿನ ಹೊಸ್ತಿಲಿನ ಆಚೆಗೇ ನಿಂತು, ಕೈಗಳೆರಡನ್ನೂ ತೊಡೆಗಂಟಿಸಿ, ಸೊಂಟದಿಂದ ಬಾಗಿ, ಅರೆಗಳಿಗೆ ಹಾಗೇ ಇದ್ದು ಬಂದರು. ಅತ್ತೆ ಕರಗಿಹೋದರು. "ರಂಗೂನಿನಲ್ಲಿದ್ದವರಿಗೆ ಎಂಥ ಸಂಸ್ಕಾರ! ಹೊಸ್ತಿಲಿಗೆ ನಮಸ್ಕಾರ ಮಾಡೋರು ಈಗ ಯಾರಿದ್ದಾರೆ ಮಾರಾಯ್ತಿ?" ನಾನೂ ಹಾಗೆಯೇ ನಂಬಿದೆ. ಅಕ್ಕ ಮಾತ್ರ ತೊಲೆಗೆ ಒಡ್ಡಿದ್ದ ಅಂಗೈಯನ್ನು ಇಳಿಸುವುದನ್ನೇ ಮರೆತು ನಿಂತಿದ್ದಳು.

ಭಾವ ರಂಗೂನಿನಲ್ಲಿ ನಗರದ ನೀರು ಸರಬರಾಜಿನ ಓವರ್ಸಿಯರು. ಜಪಾನಿನವರು ಬರುತ್ತಾರೆಂದು ಊರೇ ಓಡತೊಡಗಿದಾಗ ಅಕ್ಕನನ್ನು ಹಡಗು ಹತ್ತಿಸಿ, "ಓಡಲಾರದವರು ಕುಡಿಯೋದಾದರೂ ಏನು? ಒಂದಿಷ್ಟು ವ್ಯವಸ್ಥೆ ಮಾಡಿ ಮುಂದಿನ ಹಡಗಿಗೆ ಬರ್ತೀನಿ" ಅಂದಿದ್ದರಂತೆ. ಮುಂದಿನ ಹಡಗು ಹೊರಡಲೇ ಇಲ್ಲ. ಯುದ್ಧ ಮುಗಿಯುವವರೆಗೂ ಅಕ್ಕ ನಮ್ಮಲ್ಲಿದ್ದಳು. ದಿನವೂ ಕನ್ನಡಿಯ ಮುಂದೆ ಕುಂಕುಮ ಹಿಡಿದು ಒಂದು ಕ್ಷಣ ತಡೆದು, ಆಮೇಲೆ ಇಟ್ಟುಕೊಳ್ಳುತ್ತಿದ್ದಳು. ಆ ತಡೆಯುವಿಕೆಯನ್ನು ನೋಡಲಾರದೆ ನಾನು ಅಡುಗೆಮನೆಗೆ ಸರಿಯುತ್ತಿದ್ದೆ.

ಬ್ರಿಟಿಷರು ರಂಗೂನಿಗೆ ಮರಳಿದ ಸುದ್ದಿಯನ್ನು ನಮ್ಮ ಯಜಮಾನರು ಪತ್ರಿಕೆಯಿಂದ ಓದಿ ಹೇಳಿದರು. ಬಾವುಟ ಏರಿತು, ಕಚೇರಿಗಳು ತೆರೆದವು, ಅಂಚೆಯ ಮೊಹರು ಬದಲಾಯಿತು, ಜಪಾನಿನವರ ಆಳ್ವಿಕೆಯಲ್ಲಿ ಟೋಕಿಯೋ ಗಂಟೆಗೆ ನಡೆಯುತ್ತಿದ್ದ ಗಡಿಯಾರಗಳನ್ನು ಹಿಂದಕ್ಕೆ ತಿರುಗಿಸಲಾಯಿತು. ಮರಳಿದ ಸರ್ಕಾರ ಮೊದಲು ಭಾವನನ್ನೇ ಕರೆಸಿ, ಒಡೆದ ಕೊಳವೆಗಳನ್ನು ಜೋಡಿಸಿಕೊಂಡು, ಬೀದಿಬೀದಿಗೆ ನೀರು ಹರಿಸಿಕೊಂಡಿತು. ಹರಿದ ಮೇಲೆ ಕೇಳಿತು: ಇಷ್ಟು ದಿನ ವೈರಿಗೆ ಯಾಕೆ ನೀರು ಬಿಟ್ಟೆ? "ನಲ್ಲಿ ಬೀದಿಯಲ್ಲಿರುತ್ತೆ ಸ್ವಾಮಿ, ಕೊಡ ತಂದವರು ತುಂಬಿಕೊಳ್ತಾರೆ" ಅಂದರಂತೆ ಭಾವ. ಆ ಉತ್ತರ ಸಾಲಲಿಲ್ಲ. ವಿಚಾರಣೆ ಮುಗಿದು ತೀರ್ಮಾನ ಬರುವವರೆಗೆ ಊರಿಗೆ ಹೋಗು ಎಂದು ಕಳಿಸಿದ್ದರು. ಕೆಲಸಕ್ಕಿಂತಲೂ ಅವರಿಗೆ ಬೇಕಾಗಿದ್ದುದು ಒಂದೇ ಮಾತು: ನೀನು ದ್ರೋಹಿಯಲ್ಲ.

ಕಾಯುತ್ತ ಸುಮ್ಮನೆ ಕೂರುವುದು ಬೇಡವೆಂದು ಯಜಮಾನರು ತಾವು ಕೆಲಸಕ್ಕಿದ್ದ ಭದ್ರಾವತಿಯ ಕಾರ್ಖಾನೆಯಲ್ಲೇ ಪಂಪುಮನೆಯ ಕೆಲಸಕ್ಕೆ ಮಾತಾಡಿದರು. ಮೊದಲ ದಿನ ಇಬ್ಬರೂ ರೈಲಿನಲ್ಲಿ ಹೋದರು. ಗೇಟಿನಲ್ಲಿ ಖಾಕಿ ತೊಟ್ಟು ಟೋಪಿ ಇಟ್ಟು ಕಾವಲುಗಾರ ಕರೀಂ ಸಾಬರು ನಿಂತಿದ್ದರು. ಭಾವ ನಿಂತರು, ಕೈಗಳನ್ನು ತೊಡೆಗಂಟಿಸಿದರು, ಸೊಂಟದಿಂದ ಬಾಗಿದರು. ಬಾಗಿದವರು ಏಳಲೇ ಇಲ್ಲ, ಅಪ್ಪಣೆಗಾಗಿ ಕಾಯುತ್ತಿದ್ದರು. ಪಾಳಿಗೆ ಬಂದವರು ನಕ್ಕರು. "ಏನ್ ಸಾಬ್ರೇ, ನಿಮಗೂ ಮಂಗಳಾರತಿ ಶುರುವಾಯ್ತಾ?" "ಲೇ ಮಾರಾಯ, ಪ್ರಸಾದ ಕೇಳ್ಕೊಂಡು ಬಾರೋ!" ಭಾವ ತಿರುಗಿ ನಡೆದವರು ಮಲವಗೊಪ್ಪದ ದಾರಿ ಹಿಡಿದು, ಬಿಸಿಲಿನಲ್ಲಿ ಶಿವಮೊಗ್ಗದವರೆಗೂ ನಡೆದೇ ಬಂದರು.

ರಂಗೂನಿನಲ್ಲಿ ಕಾವಲಿನ ಜಪಾನಿ ಸಿಪಾಯಿಯ ಮುಂದೆ ಬಾಗದೆ ಹಾಯ್ದರೆ ಕಪಾಳಕ್ಕೆ ಬೀಳುತ್ತಿತ್ತು ಎಂದು ಭಾವನಿಂದ ಕೇಳಿ ತಿಳಿದದ್ದನ್ನು ಅಕ್ಕ ಆ ಸಂಜೆ ಹೇಳಿದಳು. ಅತ್ತೆ ತಲೆಯ ಮೇಲೆ ಸೆರಗೆಳೆದುಕೊಂಡು ತೊಲೆಯನ್ನೇ ನೋಡುತ್ತ ಕುಳಿತರು. ನನಗೆ ಕಾನ್ವೆಂಟು ನೆನಪಾಯಿತು. ಬಿಳಿಯ ಅಧಿಕಾರಿಣಿ ಬಂದಾಗ ಲಂಗದ ಅಂಚು ಹಿಡಿದು, ಮಂಡಿ ಬಗ್ಗಿಸಿ ವಂದಿಸಲು ಸಿಸ್ಟರು ಕಲಿಸಿದ್ದರು. ಚೆನ್ನಾಗಿ ಬಗ್ಗಿದವಳಿಗೆ ಬಣ್ಣದ ಚಿತ್ರದ ಕಾರ್ಡು. ಬೆತ್ತಕ್ಕೆ ಬಾಗಿದ್ದು ಮಾತ್ರ ಬೆನ್ನಿಗೆ ನೆನಪಿರುತ್ತದೆಯೇ, ಬಹುಮಾನಕ್ಕೆ ಬಾಗಿದ್ದು ಇರುವುದಿಲ್ಲವೇ? ಬಾವುಟವನ್ನು ಹಗ್ಗ ಜಗ್ಗಿ ಏರಿಸಬಹುದು, ಗಡಿಯಾರದ ಮುಳ್ಳನ್ನು ಬೆರಳಿನಿಂದ ತಿರುಗಿಸಬಹುದು; ಆದರೆ ಒಬ್ಬ ಮನುಷ್ಯನ ಬೆನ್ನಿಗೆ ಹಳೆಯ ಆಳ್ವಿಕೆ ಮುಗಿಯಿತೆಂದು ತಿಳಿಸುವ ಅಧಿಕಾರಿ ಯಾವ ಕಚೇರಿಯಲ್ಲಿ ಕೂರುತ್ತಾನೋ ನಾನರಿಯೆ.

ಭಾನುವಾರ ಕರೀಂ ಸಾಬರು ಮನೆಗೆ ಬಂದರು, ಲುಂಗಿ ಉಟ್ಟು, ಬರಿದಲೆಯಲ್ಲಿ. ತೊಲೆಗೆ ಹಣೆ ಹೊಡೆಸಿಕೊಂಡು "ಯಾ ಅಲ್ಲಾ! ಅಮ್ಮಾ, ನಿಮ್ಮ ಬಾಗಿಲು ನನಗಿಂತ ಕಟ್ಟುನಿಟ್ಟು" ಅಂದಾಗ ಭಾವನೂ ನಕ್ಕರು. "ನಾಳೆ ಬನ್ನಿ ಸ್ವಾಮಿ. ನೀವು ಬರೋ ಹೊತ್ತಿಗೆ ಟೋಪಿ ಮೊಳೆಗೆ ಹಾಕಿರ್ತೀನಿ. ಟೋಪಿ ಇಲ್ದಿದ್ರೆ ನಾನೂ ಬರೀ ಕರೀಂ."

ಭಾವ ಹೋದರು. ಟೋಪಿ ಮೊಳೆಯಲ್ಲಿರುತ್ತಿತ್ತೆಂದು ಯಜಮಾನರು ಹೇಳುತ್ತಿದ್ದರು. ಭಾವ ಮೊಳೆಯ ಕಡೆಗೆ ಒಮ್ಮೆ ಬಾಗಿ ಒಳಗೆ ಹೋಗುತ್ತಿದ್ದರೆಂದೂ.

ಮಳೆಗಾಲ ಹಿಡಿಯುವ ಮುನ್ನ ರಂಗೂನಿನ ತೀರ್ಮಾನ ಬಂತು. ಮರಳಿ ಸೇವೆಗೆ ತೆಗೆದುಕೊಳ್ಳಲಾಗುವುದಿಲ್ಲ. ಕಾರಣವಿಲ್ಲ, ದ್ರೋಹಿ ಎಂದೂ ಇಲ್ಲ, ಅಲ್ಲವೆಂದೂ ಇಲ್ಲ. ಓದಿದ ಭಾವ ಬಚ್ಚಲಿಗೆ ಹೋಗಿ ಹಂಡೆಗೆ ನೀರು ತುಂಬಿದರು, ತುಂಬಿ ಹೊರಚೆಲ್ಲಿದರೂ ಸುರಿಯುತ್ತಲೇ ಇದ್ದರು.

ಮರುವಾರ ಅತ್ತೆ ಯಾರನ್ನೂ ಕೇಳದೆ ಬಡಗಿಯನ್ನು ಕರೆಸಿದರು. "ಅಮ್ಮಾ, ಹಿರೀಕರ ತೊಲೆ..." ಎಂದು ಅವನು ಅನುಮಾನಿಸಿದರೆ, "ಹಿರೀಕರಿಗೆ ನಾನು ಹೇಳ್ಕೋತೀನಿ, ನೀನು ಬಿಚ್ಚು" ಅಂದರು. ತೊಲೆ ಮೇಲೇರಿತು. ನಗಬೇಡಿ, ಬಹಳ ದಿನ ನಾವೆಲ್ಲರೂ ಇಲ್ಲದ ತೊಲೆಗೆ ಬಗ್ಗಿಯೇ ಓಡಾಡಿದೆವು. ಅನ್ನದ ತಪ್ಪಲೆ ಹಿಡಿದು ಬಗ್ಗಿ, ನೆನಪಾಗಿ, ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಬರಬರುತ್ತ ನಮ್ಮದು ಬಿಟ್ಟುಹೋಯಿತು.

ಭಾವನವರದು ಬಿಡಲಿಲ್ಲ. ಈಗಲೂ ಊಟಕ್ಕೆ ಕರೆದಾಗ ಅವರು ಬಾಗಿಲ ಆಚೆ ನಿಲ್ಲುತ್ತಾರೆ. ಅಕ್ಕ ಕೈಕೆಲಸ ಬಿಟ್ಟು ಎದ್ದುಬಂದು, ಹಳೆಯ ತೊಲೆಯಿದ್ದ ಎತ್ತರಕ್ಕೆ ಸರಿಯಾಗಿ, ಬರಿಯ ಗಾಳಿಯಲ್ಲಿ ಅಂಗೈ ಒಡ್ಡಿ, "ತಲೆ, ತಲೆ" ಎನ್ನುತ್ತಾಳೆ. ಅವರು ಆ ಕೈಯ ಕೆಳಗೆ ಬಾಗಿ ಒಳಗೆ ಬರುತ್ತಾರೆ. ಪಂಕ್ತಿಯಲ್ಲಿ ಕುಳಿತ ಹೊಸ ನೆಂಟರಿಗೆ ನಮ್ಮ ಬಾಗಿಲು ಇನ್ನೂ ತಗ್ಗಾಗಿಯೇ ಕಾಣುತ್ತದೆ.