ದೊಡ್ಡ ಮಂಚದ ಗಾಜು

ಇಂಗ್ಲೆಂಡಿನ ಬರ್ಕನ್‌ಹೆಡ್ ಊರಿನ ಜನ ಏಪ್ರಿಲ್ ತಿಂಗಳ ಬಿಸಿಲನ್ನು ನಂಬುತ್ತಿರಲಿಲ್ಲ. ನೊರೀನ್ ಹಾಲ್ಸಲ್‌ಳನ್ನು ನಂಬುತ್ತಿದ್ದರು.

ಲಿವರ್‌ಪೂಲ್ ಎದುರಿಗೆ, ನದಿಯ ಈಚೆ ದಡದಲ್ಲಿ, ಹುರಿದ ಮೀನಿನಂಗಡಿಗೂ ಕುದುರೆ ಪಂದ್ಯದ ಬಾಜಿ ಅಂಗಡಿಗೂ ನಡುವೆ, ದೀಪದ ಮಂಚದಲ್ಲಿ ಮಲಗಿಸಿ ಬಿಳಿ ಮೈಗೆ ಬಿಸಿಲಿನ ಕಂದು ಬಣ್ಣ ಏರಿಸುವ, ಕೊಲೆಟ್ ರಿಮ್ಮರ್‌ಳ ಸನ್‌ಬೆಡ್ ಅಂಗಡಿ. ನೊರೀನ್ ಅದರ ಮುಂಬಾಗಿಲ ಮೇಜಿನ ಹಿಂದೆ ಕೂರುತ್ತಿದ್ದಳು. ಬಂದವರು ಕೋಟು ಬಿಚ್ಚುವ ಮೊದಲೇ ಅದರ ತೋಳು ಮೇಲಕ್ಕೆ ಮಡಚಿ ಮೊಣಕೈಯ ಒಳಭಾಗವನ್ನು ಅವಳ ಮುಂದೆ ಚಾಚುತ್ತಿದ್ದರು. ಅವಳು ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಬಿಳಿಚಿದ ಜಾಗಕ್ಕೆ ಮತ್ತೆ ಕೆಂಪು ಏರುವುದನ್ನು ನೋಡಿ, ಯಾವ ಮಂಚ, ಎಷ್ಟು ನಿಮಿಷ ಎಂದು ಹೇಳಿ, ಮೇಜಿನ ಮೇಲಿನ ಟೈಮರಿನಲ್ಲಿ ಅಷ್ಟು ನಿಮಿಷ ಒತ್ತುತ್ತಿದ್ದಳು. ಅದರ ಮೇಲೆ ಚೌಕಾಸಿ ಇರಲಿಲ್ಲ. ಇನ್ನೆರಡು ನಿಮಿಷ ಕೊಡು ಎಂದು ಗೋಗರೆದವರಿಗೆ, ಹುರಿಯೋದು ಪಕ್ಕದ ಅಂಗಡೀಲಿ, ಅಲ್ಲಿಗೆ ಹೋಗು ಎಂದು ಮೀನಿನಂಗಡಿಯ ಕಡೆ ಕೈ ತೋರಿಸುತ್ತಿದ್ದಳು.

ಅವಳ ಅಪ್ಪ ಹಡಗುಕಟ್ಟೆಯಲ್ಲಿ ಮೂಟೆ ಇಳಿಸುತ್ತಿದ್ದವನು. ಶಾಲೆ ಬಿಟ್ಟ ವಾರವೇ ಅವಳು ಒಂದು ಹೇರ್ ಸಲೂನಿನಲ್ಲಿ ಕೂದಲು ಗುಡಿಸುವ ಕೆಲಸಕ್ಕೆ ಸೇರಿದಳು. ಅದೇ ವಾರ ಸೇರಿದ ಇನ್ನೊಬ್ಬ ಹುಡುಗಿ ಕೊಲೆಟ್. ಇಬ್ಬರೂ ಮೊದಲ ಸಲ ಸ್ಪೇನಿನ ಸಮುದ್ರ ನೋಡಿದ್ದು ಒಟ್ಟಿಗೆ, ಬೆನ್ನಿನ ಚರ್ಮ ಸುಲಿದುಕೊಂಡು ಬಂದದ್ದೂ ಒಟ್ಟಿಗೆ. ಗಂಡ ಬಿಟ್ಟುಹೋದ ಮೇಲೆ ಕೊಲೆಟ್ ಈ ಅಂಗಡಿ ತೆರೆದಾಗ ಮೊದಲು ಕರೆದದ್ದು ನೊರೀನ್‌ಳನ್ನೇ. ನೊರೀನ್‌ಳ ಗಂಡ ಟೆಡ್ ತೀರಿಕೊಂಡಾಗ ಕೊಲೆಟ್ ಅಂಗಡಿಗೆ ಬೀಗ ಹಾಕಿ ಬಂದು ಅವಳ ಮನೆಯ ಸೋಫಾದ ಮೇಲೆ ಮಲಗಿದ್ದಳು. ನೊರೀನ್ ಬಾಯಿಬಿಟ್ಟು ಅಳುವವರೆಗೂ ಎದ್ದು ಹೋಗಿರಲಿಲ್ಲ.

ಅಂಗಡಿಯಲ್ಲಿ ಐದು ಮಂಚಗಳಿದ್ದವು. ನಾಲ್ಕು ಸಾದಾ, ಉದ್ದುದ್ದ ಟ್ಯೂಬ್‌ಲೈಟಿನವು. ಐದನೆಯದನ್ನು ಎಲ್ಲರೂ ದೊಡ್ಡ ಮಂಚ ಎನ್ನುತ್ತಿದ್ದರು. ಅದರಲ್ಲಿ ಟ್ಯೂಬುಗಳಿರಲಿಲ್ಲ. ಹೆಬ್ಬೆರಳಿನಷ್ಟೇ ದಪ್ಪದ ಗಿಡ್ಡ ದೀಪಗಳು, ಒಂದೊಂದರ ಹಿಂದೆಯೂ ಕನ್ನಡಿಯಂತೆ ಹೊಳೆಯುವ ಬೋಗುಣಿ. ದೀಪದೊಳಗಿನ ಅನಿಲ ಭಾರೀ ಒತ್ತಡದಲ್ಲಿ ಉರಿಯುವುದರಿಂದ ಆ ಪುಟ್ಟ ದೀಪದ ಬೆಳಕಿಗೆ ಉದ್ದನೆಯ ಟ್ಯೂಬಿಗಿಲ್ಲದ ಬಿರುಸು. ಆ ಬೆಳಕಿನಲ್ಲಿ ಚರ್ಮವನ್ನು ಕಂದಾಗಿಸುವ ಕಿರಣವೂ ಇದೆ, ಸುಡುವ ಕಿರಣವೂ ಇದೆ. ಎರಡನ್ನೂ ಬೇರ್ಪಡಿಸುವುದು ದೀಪದ ಮುಂದೆ ಕೂರಿಸಿದ ಕಪ್ಪುನೀಲಿ ಗಾಜು. ಸುಡುವುದನ್ನು ಅದು ತಡೆದು, ಕಂದಾಗಿಸುವುದನ್ನು ಬಿಡುತ್ತದೆ. ಅದಕ್ಕೇ ಅಲ್ಲಿ ಕೆಲವೇ ನಿಮಿಷ ಮಲಗಿದವರು ಕೆಂಪಾಗದೆ ನೇರ ಜೇನುಬಣ್ಣಕ್ಕೆ ತಿರುಗುತ್ತಾರೆ ಎಂಬುದು ಅಂಗಡಿಯವರ ಮಾತು. ಯಾವ ಗಾಜು ಹಾಕಿದರೂ ಚರ್ಮಕ್ಕೆ ಕೇಡೇ ಎಂಬುದು ವೈದ್ಯರ ಮಾತು. ಬರ್ಕನ್‌ಹೆಡ್‌ನಲ್ಲಿ ಎರಡನ್ನೂ ಕೇಳಿದ್ದರು, ಮಲಗುತ್ತಿದ್ದರು.

ಆ ಗಾಜುಗಳನ್ನು ಒರೆಸುವುದು ನೊರೀನ್‌ಳ ದಿನದ ಮೊದಲ ಕೆಲಸ. ಹತ್ತಿಯ ಕೈಗವಸು ತೊಟ್ಟು, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒಂದೊಂದನ್ನೇ ಒರೆಸಬೇಕು. ಬರಿಗೈಯ ಜಿಡ್ಡು ಅಂಟಿದರೆ ಶಾಖಕ್ಕೆ ಅಲ್ಲಿಂದಲೇ ಗಾಜು ಸೀಳುತ್ತದೆ. ಗಾಜು ಒರೆಸದೆ ಅವಳು ದೊಡ್ಡ ಮಂಚಕ್ಕೆ ಯಾರನ್ನೂ ಕಳಿಸಿದವಳಲ್ಲ. ಒರೆಸುವುದೆಂದರೆ ನೋಡುವುದು ಕೂಡ.

ಏಪ್ರಿಲ್ ಮೊದಲ ವಾರ ನದಿಯಾಚೆ ಏಂಟ್ರಿಯಲ್ಲಿ ದೊಡ್ಡ ಕುದುರೆ ಪಂದ್ಯ. ಅದರ ಶುಕ್ರವಾರ ಹೆಂಗಸರ ದಿನ. ಚಳಿಗಾಳಿ ಬೀಸಲಿ, ಆಲಿಕಲ್ಲು ಬೀಳಲಿ, ಆ ದಿನ ಲಿವರ್‌ಪೂಲ್ ಸುತ್ತಮುತ್ತಲ ಹೆಂಗಸರು ತೋಳಿಲ್ಲದ ಉಡುಪು ತೊಟ್ಟೇ ಹೋಗಬೇಕು. ಬಿಳಿಚಿಕೊಂಡು ಹೋದವಳು ಮುಂದಿನ ವರ್ಷದವರೆಗೂ ನಗೆಪಾಟಲು. ಹಾಗಾಗಿ ಆ ವಾರ ಸನ್‌ಬೆಡ್ ಅಂಗಡಿಗಳ ಬಾಗಿಲಲ್ಲಿ ಸಾಲು.

ಬುಧವಾರ ನೊರೀನ್ ಬಂದಾಗ ಕೊಲೆಟ್ ಆಗಲೇ ಬಂದಿದ್ದಳು. ದೊಡ್ಡ ಮಂಚ ನಾನೇ ಒರೆಸಿ ಬಿಸಿ ಮಾಡಿಟ್ಟಿದ್ದೇನೆ, ನೀನು ಸಾಲು ನೋಡಿಕೋ ಎಂದಳು. ಇಷ್ಟು ವರ್ಷಗಳಲ್ಲಿ ಕೊಲೆಟ್ ಆ ಬಟ್ಟೆ ಮುಟ್ಟಿದವಳಲ್ಲ. ಹಿಂದಿನ ದಿನ ಮೊಣಕಾಲು ನೋವು ಎಂದು ತಾನು ಅಂದಿದ್ದು ಅವಳ ಕಿವಿಗೆ ಬಿದ್ದಿರಬೇಕು ಎಂದು ನೊರೀನ್‌ಗೆ ಮನಸ್ಸು ತುಂಬಿತು. ಅವಳಿಗೊಂದು ಕಪ್ ಚಹಾ ಮಾಡಿಕೊಟ್ಟು ಮೇಜಿನ ಹಿಂದೆ ಕೂತಳು.

ಮಧ್ಯಾಹ್ನ ಜೆರಾಲ್ಡೀನ್ ಕಿರ್ವನ್ ಬಂದಳು. ಬಸ್ಸು ಓಡಿಸುವವಳು, ಕೆಂಪು ಕೂದಲು, ಮೈತುಂಬ ನಸುಗಂದು ಚುಕ್ಕೆ. ಸನ್‌ಬೆಡ್ ಅಂಗಡಿಯ ಹೊಸ್ತಿಲು ತುಳಿದವಳೇ ಅಲ್ಲ. ಡಿಪೋದ ಹೆಂಗಸರೆಲ್ಲ ಈ ಸಲ ಹೊರಟಿದ್ದಾರೆ, ಒಂದು ಭುಜ ಬಿಟ್ಟ ತೆಳು ಹಸಿರು ಉಡುಪು ತಂದಿಟ್ಟಿದ್ದೇನೆ, ಆದರೆ ಈ ಬಣ್ಣ ಹೊತ್ತು ಹೇಗೆ ಹೋಗಲಿ ಎಂದು ಪೇಚಾಡಿದಳು.

"ನಾನು ಹಾಲಿನ ಬಾಟ್ಲಿ ಕಣೇ ನೊರೀನ್. ಸೂರ್ಯ ಇಣುಕಿ ನೋಡಿದ್ರೆ ಸಾಕು, ಬೆಂದ ಸೀಗಡಿ ಆಗ್ತೀನಿ."

ನೊರೀನ್ ಅವಳ ತೋಳನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಬೇರೆ ಯಾವ ಮಂಚಕ್ಕೂ ನಿನ್ನನ್ನು ಕಳಿಸುವುದಿಲ್ಲ ಎಂದಳು. ದೊಡ್ಡ ಮಂಚದಲ್ಲಿ ಗಾಜು ಸುಡುವ ಕಿರಣ ತಡೆಯುತ್ತದೆ, ಅಲ್ಲೂ ಜಾಸ್ತಿ ಬೇಡ ಎಂದಳು.

"ನಾಕೇ ನಿಮಿಷ, ರಾಣಿ. ಸುಡಲ್ಲ. ನನ್ನ ಮಾತು."

"ನಿನ್ನ ಮಾತಿದ್ರೆ ಸರಿ" ಎಂದು ಜೆರಾಲ್ಡೀನ್ ಬೆಳಕು ತಾಕದಂತೆ ಕಣ್ಣಿಗೆ ಹಾಕುವ ಕಪ್ಪು ಕನ್ನಡಕ ತೆಗೆದುಕೊಂಡು ಒಳಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಅವಳು ಸಾಲು ದಾಟಿ ನೇರ ಮೇಜಿನ ಬಳಿ ಬಂದು ನಿಂತಳು. ಕೂಗಾಡಲಿಲ್ಲ. ಅಂಗಿಯ ಎಡಭಾಗ ಕೆಳಗೆ ಸರಿಸಿದಳು. ಕತ್ತಿನ ಮೂಳೆಯಿಂದ ಭುಜದವರೆಗೆ ಚರ್ಮ ಕಡುಗೆಂಪಾಗಿ, ನಡುವೆ ನೀರುಗುಳ್ಳೆ ಎದ್ದಿತ್ತು. ಆ ಕೆಂಪಿಗೆ ನಾಲ್ಕು ಮೂಲೆಗಳಿದ್ದವು. ಅಂಚುಗಳು ಸ್ಕೇಲಿಟ್ಟು ಗೆರೆ ಎಳೆದಷ್ಟು ನೇರ. ಅದರಾಚೆ ಮೈ ಹಾಲಿನ ಬಣ್ಣವೇ.

ನಿಮಿಷ ಹೆಚ್ಚಾಗಿ ಸುಟ್ಟರೆ ಮೈಯೆಲ್ಲ ಸುಡುತ್ತದೆ. ಹೀಗೆ ಚೌಕವಾಗಿ ಸುಡುವುದಿಲ್ಲ. ನೊರೀನ್‌ಗೆ ಅದು ನೋಡಿದ ಕ್ಷಣ ತಿಳಿಯಿತು. ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಕೋಣೆಯಿಂದ ಕೊಲೆಟ್ ಬಂದಳು. ಜೆರಾಲ್ಡೀನ್‌ಳ ಭುಜ ನೋಡಿದಳು, ಸಾಲಿನಲ್ಲಿ ನಿಂತು ಕತ್ತು ಚಾಚಿದ್ದ ಹೆಂಗಸರನ್ನು ನೋಡಿದಳು.

"ಅಯ್ಯೋ ನೊರೀನ್, ಎಷ್ಟು ನಿಮಿಷ ಒತ್ತಿದ್ದೆ?" ಎಂದಳು, ಎಲ್ಲರಿಗೂ ಕೇಳುವಂತೆ. ಆಮೇಲೆ ಜೆರಾಲ್ಡೀನ್‌ಳ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಕಣ್ಣು ಮೊದಲಿನ ಹಾಗಿಲ್ಲ ಪಾಪ ಅವಳಿಗೆ. ಬೇಜಾರು ಮಾಡ್ಕೋಬೇಡ ಚಿನ್ನ."

ಸಾಲಿನಲ್ಲಿ ಯಾರೋ ನಿಟ್ಟುಸಿರಿಟ್ಟರು. ನೊರೀನ್ ಎದ್ದು ದೊಡ್ಡ ಮಂಚದ ಕೋಣೆಗೆ ಹೋದಳು. ಸ್ವಿಚ್ ಆರಿಸಿ, ಮುಚ್ಚಳ ಎತ್ತಿ, ಕೈಗವಸು ತೊಟ್ಟಳು. ಗಾಜುಗಳೆಲ್ಲ ಕಪ್ಪುನೀಲಿ, ಒಂದೊಂದರಲ್ಲೂ ಅವಳ ಮುಖ ಮಸುಕಾಗಿ ಕಾಣುತ್ತಿತ್ತು. ಎಡಭುಜದ ನೇರಕ್ಕೆ ಬರುವ ಒಂದರಲ್ಲಿ ಮುಖ ಕಾಣಲಿಲ್ಲ. ಹಿಂದಿದ್ದ ದೀಪ ರೆಪ್ಪೆಯಿಲ್ಲದ ಕಣ್ಣಿನ ಹಾಗೆ ನೇರ ಕಂಡಿತು. ಸೌದೆ ಒಲೆಯ ಬಾಗಿಲಿಗೆ ಹಾಕುವ, ಶಾಖಕ್ಕೆ ಒಡೆಯದ, ಬಣ್ಣವಿಲ್ಲದ ಗಾಜನ್ನು ಅಳತೆಗೆ ಕತ್ತರಿಸಿ ಕೂರಿಸಲಾಗಿತ್ತು.

ಕೊಲೆಟ್ ಬಂದು ಬಾಗಿಲು ಮುಚ್ಚಿಕೊಂಡಳು. ಹಳೆಯದು ಮಂಗಳವಾರ ಅಂಗಡಿ ಮುಚ್ಚಿದ ಮೇಲೆ ಸೀಳಿತ್ತು, ಸರಿಯಾದದ್ದು ಜರ್ಮನಿಯಿಂದ ಬರಬೇಕು, ಮುಂದಿನ ವಾರ ಬರುತ್ತದೆ, ಒಂದು ಗಾಜಿನಿಂದ ಇಷ್ಟಾಗುತ್ತದೆಂದು ತಿಳಿದಿರಲಿಲ್ಲ ಎಂದೆಲ್ಲ ಹೇಳಿದಳು. ನಿನ್ನೆ ಮಲಗಿದ ಉಳಿದವರಿಗೆ ಭುಜ ಸ್ವಲ್ಪ ಕೆಂಪಾಗಿದೆ ಅಷ್ಟೆ, ಅವರು ಗೊಣಗಿಲ್ಲ ಎಂದಳು.

"ನಂಗೊಂದು ಮಾತು ಹೇಳ್ಬಹುದಿತ್ತು" ಎಂದಳು ನೊರೀನ್.

"ಹೇಳಿದ್ರೆ ನೀನು ಮಂಚ ಮುಚ್ಚಿಸ್ತಿದ್ದೆ."

"ಹೌದು."

"ಅದಕ್ಕೇ ಹೇಳ್ಲಿಲ್ಲ. ಇದು ಯಾವ ವಾರ ಅಂತ ನಿಂಗೆ ಗೊತ್ತಿಲ್ವ?"

ನೊರೀನ್ ಗಾಜಿನ ತಿರುಪು ಬಿಚ್ಚತೊಡಗಿದಳು. "ಅದು ಹಾಗಿರ್ಲಿ. ಈಗ ಹೊರಗೆ ಹೇಳಿದ್ಯಲ್ಲ, ಅದ್ಯಾಕೆ?"

ಕೊಲೆಟ್ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ನೀನು ತಪ್ಪು ಮಾಡಿದ್ರೆ ಈ ಊರು ಕ್ಷಮಿಸುತ್ತೆ ಕಣೇ. ನನ್ನನ್ನ ಯಾರೂ ಕ್ಷಮಿಸಲ್ಲ."

ಟೆಡ್ ಸತ್ತಾಗ ಸೋಫಾದ ಮೇಲೆ ಕೂತು ಮಾತಾಡಿಸಿದ ದನಿಯೂ ಇದೇ ಆಗಿತ್ತು. ಬೇರೆ ಯಾವುದಾದರೂ ದನಿಯಲ್ಲಿ ಹೇಳಿದ್ದರೆ ನೊರೀನ್ ಜಗಳವಾಡಬಹುದಿತ್ತು.

ಗಾಜು ಹಿಡಿದು ಅವಳು ಹೊರಗೆ ಬಂದಳು. ಜೆರಾಲ್ಡೀನ್ ಇನ್ನೂ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ನಾಲ್ಕೇ ನಿಮಿಷ ಒತ್ತಿದ್ದೆ, ಸುಡಲು ಬಿಟ್ಟದ್ದು ಇದು ಎಂದು ನೊರೀನ್ ಗಾಜನ್ನು ಕಿಟಕಿಗೆ ಹಿಡಿದಳು. ಅದರೊಳಗಿಂದ ಬೀದಿ, ಎದುರಿನ ಬಸ್ ನಿಲ್ದಾಣ, ನಿಂತವರ ಟೋಪಿ ಎಲ್ಲ ತಿಳಿಯಾಗಿ ಕಂಡವು. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಕೋಟಿನ ಗುಂಡಿ ಹಾಕಿಕೊಂಡರು.

ಜೆರಾಲ್ಡೀನ್ ಗಾಜನ್ನು ನೋಡಿದಳು, ಆಮೇಲೆ ನೊರೀನ್‌ಳನ್ನು.

"ನನ್ನ ಒಳಗೆ ಕಳ್ಸೋಕೆ ಮುಂಚೆ ನೀನು ಗಾಜು ನೋಡಿದ್ಯಾ?"

"ಇಲ್ಲ. ಒರೆಸಿದ್ದೀನಿ ಅಂದ್ಲು ಅವಳು."

"ಹಾಗಾದ್ರೆ ನಂಗೆ ಕೊಟ್ಟಿದ್ದು ನಿನ್ನ ಮಾತಲ್ಲ," ಎಂದಳು ಜೆರಾಲ್ಡೀನ್. "ಅವಳದ್ದು." ಅಂಗಿಯನ್ನು ಹುಷಾರಾಗಿ ಭುಜದ ಮೇಲೆಳೆದುಕೊಂಡು ಹೊರಟಳು.

ನೊರೀನ್ ಗಾಜನ್ನು ಮೇಜಿನ ಮೇಲಿಟ್ಟು, ಕೈಗವಸು ಕಳಚಿ ಅದರ ಮೇಲಿಟ್ಟು, ಕೋಟು ತೊಟ್ಟಳು. ಮತ್ತೆ ಆ ಅಂಗಡಿಯೊಳಗೆ ಕಾಲಿಡಲಿಲ್ಲ.

ಶುಕ್ರವಾರ ರೈಲು ನಿಲ್ದಾಣದ ಬಳಿ ಡಿಪೋದ ಹೆಂಗಸರ ಗುಂಪನ್ನು ಅವಳು ದೂರದಿಂದ ಕಂಡಳು. ಗರಿಯ ಟೋಪಿಗಳು, ಗಾಳಿಗೆ ಮುಳ್ಳೆದ್ದ ಬರಿದೋಳುಗಳು, ನಗು. ನಡುವೆ ತೆಳು ಹಸಿರು ಉಡುಪು. ಮೇಲೆ ಕುತ್ತಿಗೆಯವರೆಗೆ ಗುಂಡಿ ಹಾಕಿದ ಉಣ್ಣೆಯ ಸ್ವೆಟರ್.

ಜರ್ಮನಿಯ ಗಾಜು ಬಂತು. ಬೇಸಿಗೆಯ ಹೊತ್ತಿಗೆ ಸಾಲೂ ಬಂತು. ನೊರೀನ್ ಈಗ ಎರಡು ಬೀದಿ ಆಚೆ ಬಟ್ಟೆ ಒಗೆಯುವ ಅಂಗಡಿಯಲ್ಲಿದ್ದಾಳೆ. ಹಳೆಯ ಗಿರಾಕಿಗಳು ಹಾಸಿಗೆ ಬಟ್ಟೆ ತಂದು ಹಾಕುವಾಗ ಅಭ್ಯಾಸಬಲದಿಂದ ಅಂಗಿಯ ತೋಳು ಮಡಚಿ ಮೊಣಕೈ ಚಾಚುತ್ತಾರೆ. ಎಷ್ಟು ನಿಮಿಷ ಮಲಗಲಿ ಎಂದು ಕೇಳುತ್ತಾರೆ. ಅವಳು ಚರ್ಮ ಒತ್ತಿ ನೋಡುವುದಿಲ್ಲ. ಮಡಚಿದ ಅಂಗಿಯ ತೋಳನ್ನು ತಾನೇ ಕೆಳಗಿಳಿಸಿ ಗುಂಡಿ ಹಾಕುತ್ತಾಳೆ.

"ನನ್ನ ಕೇಳ್ಬೇಡ ರಾಣಿ," ಎನ್ನುತ್ತಾಳೆ. "ಗಾಜು ನೋಡಿಲ್ಲ ನಾನು."