ದನಿ ಬಿಟ್ಟ ಕಸ್ತೂರಿ

೧೯೮೭ರ ಮಾರ್ಚ್. ಅಥಣಿ ತಾಲ್ಲೂಕಿನ ಕೃಷ್ಣಾ ದಂಡೆಯ ಹಳ್ಳಿಯೊಂದರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ನರ್ಸ್ ಆಗಿದ್ದೆ. ಹನ್ನೊಂದು ವರ್ಷ ಸರ್ವಿಸ್ ಆಗಿತ್ತು, ಬಾಯಿ ಜೋರಾಗಿತ್ತು. ಪಕ್ಕದ ಸತ್ತಿ ಊರಿನ ಕಡೆಯಿಂದ ಬರುವ ಹೆಂಗಸರು ನನ್ನನ್ನು ಕಂಡರೆ ತಲೆ ಮೇಲೆ ಸೆರಗೆಳೆದುಕೊಂಡು ಸುಮ್ಮನೆ ಕೂರುತ್ತಿದ್ದರು. ಅದೇ ನನಗೊಂದು ಹೆಮ್ಮೆ.

ಗುರುವಾರ ಲಸಿಕೆಯ ದಿನ. ಅಂದು ಬೆಳಿಗ್ಗೆ ವರಾಂಡದಲ್ಲಿ ನಲವತ್ತಕ್ಕೂ ಹೆಚ್ಚು ಮಕ್ಕಳಿದ್ದವು. ಡಾಕ್ಟರು ಒಳಗೆ ಹೆರಿಗೆ ಮಾಡಿಸುತ್ತಿದ್ದರು. ಯಾರನ್ನು ಮೊದಲು ನೋಡಬೇಕೆಂದು ನಾನೇ ಆರಿಸಬೇಕಿತ್ತು. ಜೋರಾಗಿ ಅಳುವ ಮಗು ಮೊದಲು, ಸುಮ್ಮನಿರುವುದು ಆಮೇಲೆ. ಯಾರೂ ಬರೆದುಕೊಟ್ಟ ನಿಯಮವಲ್ಲ, ನಾವು ರೂಢಿ ಮಾಡಿಕೊಂಡಿದ್ದೆವು.

ಒಂಬತ್ತೂವರೆಗೆ ಒಬ್ಬ ಹೆಂಗಸು ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಓಡಿ ಬಂದಳು. ಆಕೆಗೆ ಕಿವಿ ಕೇಳದು, ಮಾತೂ ಬಾರದು ಎಂಬುದು ಕ್ಷಣದಲ್ಲೇ ತಿಳಿಯಿತು. ಮಗುವಿನ ಪಾದ ತೋರಿಸಿ ತೋರುಬೆರಳನ್ನು ಕೊಕ್ಕೆಯಂತೆ ಬಾಗಿಸಿದಳು. ಪಾದದಲ್ಲಿ ಒಂದು ಕೆಂಪು ಚುಕ್ಕೆಯಿತ್ತು. ಚೇಳೇನೋ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಚೇಳು ಕಡಿದರೆ ದೊಡ್ಡ ಗಂಡಸರೇ ಊರು ಒಂದು ಮಾಡುತ್ತಾರೆ, ಈ ಹುಡುಗಿ ಪಿಟ್ಟೆನ್ನುತ್ತಿಲ್ಲ. ಕಣ್ಣಲ್ಲಿ ನೀರಿತ್ತು, ಅಷ್ಟೇ. ಕಬ್ಬಿನ ರವದಿಯ ಒಣ ಗರಿ ಚುಚ್ಚಿರಬೇಕೆಂದು ಬೆಂಚು ತೋರಿಸಿ ಕೂರಿಸಿದೆ.

ಮುಂದಿನ ಕೂಸಿಗೆ ಸೂಜಿ ಹಾಕುವಾಗ ಯಾರೋ ನನ್ನ ಸೆರಗು ಜಗ್ಗಿದರು. ಅದೇ ಹುಡುಗಿ. ಮುಖ ಮೇಲೆತ್ತಿ, ಬಾಯಿ ಅಗಲ ತೆರೆದು ನಿಂತಿದ್ದಳು. ಕೈ ಬಿಡಿಸಿದೆ. ಮತ್ತೆ ಜಗ್ಗಿದಳು.

“ಏ, ಬಿಡ ಬೇ! ಸೂಜಿ ಚುಚ್ಚೀತು!” ಎಂದು ಗದರಿದೆ. ಆಮೇಲೆ ಅವಳು ಬರಲಿಲ್ಲ.

ನಲವತ್ತು ನಿಮಿಷ ಕಳೆದಿರಬೇಕು, ಬೆಂಚಿನ ಕಡೆ ವಾಂತಿಯ ಸದ್ದಾಯಿತು. ಹೋಗಿ ಮುಟ್ಟಿದರೆ ಕೈಕಾಲು ತಣ್ಣಗಾಗಿದ್ದವು, ಅಂಗಿಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಆಗಷ್ಟೇ ಹೆರಿಗೆ ಮುಗಿಸಿದ ಡಾಕ್ಟರು ಓಡಿ ಬಂದರು.

“ಸಿಸ್ಟರ್, ಇದು ಚೇಳ ಕಡದದ್ದು! ಬಂದು ಎಷ್ಟೊತ್ತಾತು?”

ಹೇಳಿದೆ. ಚೇಳಿನ ವಿಷ ಮಕ್ಕಳ ಹೃದಯವನ್ನು ಸೋಲಿಸಿ ಶ್ವಾಸಕೋಶದಲ್ಲಿ ನೀರು ತುಂಬಿಸುತ್ತದೆ, ಅದಕ್ಕೆ ಪಲ್ಮನರಿ ಎಡಿಮಾ ಎನ್ನುತ್ತಾರೆ. ಹೊತ್ತು ಕಳೆದಷ್ಟೂ ಕಷ್ಟ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವರು ಇಂಜೆಕ್ಷನ್, ಆಕ್ಸಿಜನ್ ಎಂದು ಹೆಣಗುತ್ತಿದ್ದಾಗ ಗಂಗವ್ವ ಎಂಬ ಮುದುಕಿ ಏದುಸಿರು ಬಿಡುತ್ತ ಬಂದಳು. ಆ ಕುಟುಂಬ ದುಡಿಯುವ ದ್ರಾಕ್ಷಿ ತೋಟದಲ್ಲಿ ಅವರ ನೆರೆಮನೆಯವಳು. “ಮಗು ಅಳಲೇ ಇಲ್ಲವಲ್ಲ!” ಎಂದು ಅವಳ ಮೇಲೇ ಹರಿಹಾಯ್ದೆ.

“ಅಪ್ಪಗೂ ಕೇಳಂಗಿಲ್ರಿ, ಅವ್ವಗೂ ಕೇಳಂಗಿಲ್ಲ. ಹುಟ್ಟಿದಾಗ ಈ ಕಸ್ತೂರಿ ತ್ವಾಟಕ್ಕೆಲ್ಲಾ ಕೇಳೂವಂಗ ಅಳತಿತ್ರಿ. ಅತ್ರ ಯಾರ ತಿರುಗಿ ನೋಡ್ತಾರ? ಬರಬರ್ತ ದನಿ ಮಾಡೂದ ಬಿಟ್ಟತ್ರಿ. ಏನರ ಆದ್ರ ಅವ್ವನ ಸೆರಗ ಜಗ್ಗಿ ಬಾಯಿ ತಗದ ತೋರಸ್ತೈತಿ. ಅದ ಅದರ ಅಳು.”

ಅಯ್ಯೋ, ಆ ಮಗು ನನ್ನೆದುರು ಎರಡು ಸಲ ಊರಿಗೇ ಕೇಳುವಂತೆ ಕಿರುಚಿತ್ತು. ನಾನು ಕೈ ಬಿಡಿಸಿದ್ದೆ.

ಹನ್ನೊಂದು ಇಪ್ಪತ್ತಕ್ಕೆ ಕಸ್ತೂರಿಯ ಉಸಿರು ನಿಂತಿತು. ತಾಯಿ ಡಾಕ್ಟರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಎದೆ ಬಡಿದುಕೊಂಡು ಅತ್ತಳು. ಹುಟ್ಟಾ ಕಿವುಡಿ, ಯಾವ ಸಾವಿನ ಮನೆಯ ಅಳುವನ್ನೂ ಕೇಳಿದವಳಲ್ಲ. ಆದರೂ ಅದು ಮಗು ಕಳೆದುಕೊಂಡ ಎಲ್ಲ ತಾಯಂದಿರ ದನಿಯೇ ಆಗಿತ್ತು, ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ವರಾಂಡದ ಮಕ್ಕಳೆಲ್ಲ ಬೆಚ್ಚಿ ಸುಮ್ಮನಾದವು.

ಅಳು ಹುಟ್ಟಿನಿಂದ ಬರುತ್ತದೋ ಕಲಿತು ಬರುತ್ತದೋ ಎಂದು ತಿಳಿದವರು ಚರ್ಚಿಸುತ್ತಾರೆ. ಆ ತಾಯಿಗೆ ಅಳುವುದನ್ನು ಯಾರೂ ಕಲಿಸಿರಲಿಲ್ಲ. ಮಗಳು ಮಾತ್ರ ಸದ್ದಿಲ್ಲದೆ ಅಳುವುದನ್ನು ಕಲಿತಿದ್ದಳು. ಇಷ್ಟೇ ನನಗೆ ಗೊತ್ತು. ನಿವೃತ್ತಳಾಗುವವರೆಗೂ ಎಷ್ಟೇ ಗದ್ದಲವಿರಲಿ, ಸುಮ್ಮನೆ ಕೂತ ಮಗುವಿನ ಬಳಿಗೇ ಮೊದಲು ಹೋದೆ. ಕೆಲವು ಮಕ್ಕಳು ಅದರಿಂದ ಉಳಿದವು ಎನ್ನುತ್ತಾರೆ. ಕಸ್ತೂರಿಗೆ ಅದರಿಂದ ಏನೂ ಆಗಲಿಲ್ಲ.